ಇಬ್ಬರಿಗೆ ಸಾಕಾಗುವ ಮನೆ

ದಮ್ಮು ಇರುವವರಿಗೆ ನಮ್ಮ ಕುಷ್ಟಗಿಯ ಚಳಿಗಾಲ ಆಗಿಬರುವುದಿಲ್ಲ. ದೀಪಾವಳಿ ಮುಗಿಯುವುದೇ ತಡ, ಒಣಗಾಳಿ ಶುರುವಾಗುತ್ತದೆ. ಬೆಳಗಿನ ಥಂಡಿ, ರಸ್ತೆಯ ದೂಳು, ತೊಗರಿ ಒಕ್ಕುವವರ ಹೊಟ್ಟು ಎಲ್ಲ ಸೇರಿ ನೇರ ನನ್ನ ಎದೆಗೇ ಬಂದು ಕೂರುತ್ತವೆ. ಯಲಬುರ್ಗಾ, ಕಾರಟಗಿ, ಕುಷ್ಟಗಿ ಎಂದು ಪೋಸ್ಟ್ ಆಫೀಸುಗಳಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಪಾರ್ಸೆಲ್ಲುಗಳ ದೂಳು ಕುಡಿದವಳು ನಾನು. ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ ಕೊಟ್ಟರು. ದಮ್ಮು ಅದಕ್ಕೂ ಮೊದಲೇ ಸಿಕ್ಕಿತ್ತು.

ಹೋದ ವರ್ಷ ಕೊಪ್ಪಳದ ಡಾಕ್ಟರು ನನ್ನ ಎದೆ, ಬೆನ್ನು ಎರಡನ್ನೂ ಪರೀಕ್ಷಿಸಿ, ಚಳಿಗಾಲದ ಮೂರು ತಿಂಗಳು ಸಮುದ್ರದ ದಂಡೆಗೆ ಹೋಗಿ ಇದ್ದುಬನ್ನಿ, ಅಲ್ಲಿ ಬೆಚ್ಚಗಿರುತ್ತದೆ ಎಂದರು. ಸಮುದ್ರದ ದಂಡೆಯಲ್ಲಿ ನಮ್ಮಪ್ಪನ ಮನೆ ಇದೆ ಎನ್ನುವ ಹಾಗೆ ಹೇಳಿದರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಕುಮಟಾ ಕಡೆಯವರೊಬ್ಬರಿಗೆ ಫೋನು ಮಾಡಿದೆ. ಒಂದೇ ವಾರದಲ್ಲಿ ಅವರು ತಮ್ಮೂರಿನ ಹತ್ತಿರ ಬಾಡಿಗೆಗೆ ಒಂದು ಮನೆ ಹುಡುಕಿ ಫೋಟೋ ಕಳಿಸಿದರು. ಹಂಚಿನ ಮಾಡು, ಎರಡು ಕೋಣೆ, ಎರಡು ಮಂಚ, ಅಂಗಳದಲ್ಲಿ ಎರಡು ತೆಂಗಿನ ಮರ. ಮನೆಯ ಒಡತಿ ಮುಂದಿನ ಮನೆಯಲ್ಲೇ ಇರುತ್ತಾರೆ. ಶಿವರಾತ್ರಿಯವರೆಗೆ ಇರುವುದಾಗಿ ನಾನು ಮಾತು ಕೊಟ್ಟೆ.

ಕುಷ್ಟಗಿಯ ಮನೆಯಲ್ಲಿ ನಾವು ಇಬ್ಬರು, ನಾನು ಮತ್ತು ನನ್ನ ವೈನಿ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಅವರಿಗೆ ಮಕ್ಕಳಾಗಲಿಲ್ಲ, ನಾನು ಮದುವೆಯಾಗಲಿಲ್ಲ. ಅಣ್ಣ ಹೋದ ಮೇಲೆ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕಳೆದಿದ್ದೇವೆ. ಪ್ರೀತಿ ಎಂದು ನಾವು ಅದಕ್ಕೆ ಯಾವತ್ತೂ ಹೆಸರಿಡಲಿಲ್ಲ. ಅವರು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುವುದು, ನಾನು ಗೊಣಗುವುದು, ಮರುದಿನ ಅವರು ಇನ್ನೂ ಒಂದು ಚಮಚ ಜಾಸ್ತಿ ಹಾಕುವುದು, ಹೀಗೇ ನಡೆದಿತ್ತು. ಸಮುದ್ರಕ್ಕೆ ಹೋಗುವುದೆಂದರೆ ಇಬ್ಬರೂ ಹೋಗುವುದು ಎಂದೇ ನಾನು ತಿಳಿದಿದ್ದೆ. ಕೈಯೊಂದನ್ನು ಮನೆಯಲ್ಲಿ ಬಿಟ್ಟು ಯಾರಾದರೂ ಊರಿಗೆ ಹೋಗುತ್ತಾರೆಯೇ?

ಮನೆ ಗೊತ್ತಾದ ದಿನ ವೈನಿ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರು. ತಲೆ ಎತ್ತದೆ, ಮನೆ ಎಷ್ಟು ದೊಡ್ಡದು ಎಂದು ಕೇಳಿದರು. ಇಬ್ಬರಿಗೆ ಸಾಕು ಎಂದೆ. ಅವರು ಹೂಂ ಎಂದು ಜೋಳದಲ್ಲಿಯ ಒಂದು ಹರಳು ಆರಿಸಿ ಹೊರಗೆ ಎಸೆದರು. ನನ್ನ ಲೆಕ್ಕದಲ್ಲಿ ಮಾತು ಮುಗಿಯಿತು.

ಹೊರಡುವ ದಿನ ಹತ್ತಿರ ಬಂದಂತೆ ಅವರು ನನ್ನ ಚೀಲಗಳನ್ನು ತುಂಬಿದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ದಮ್ಮಿನ ಗುಳಿಗೆ, ಎರಡು ಸ್ವೆಟರು. ಬೆಚ್ಚಗಿನ ಊರಿಗೆ ಸ್ವೆಟರು ಯಾಕೆ ಎಂದರೆ ಕೇಳಲಿಲ್ಲ. ಎರಡು ದಿನ ಕೂತು ನೂರು ಖಡಕ್ ರೊಟ್ಟಿ ಬಡಿದರು. ಮಣಿಕಟ್ಟು ನೋಯುತ್ತದೆಂದು ನಡುನಡುವೆ ಕೈ ಜಾಡಿಸುತ್ತಿದ್ದರು. ತೆಳ್ಳಗೆ ಬಡಿದು, ಹಂಚಿನ ಮೇಲೆ ಸುಟ್ಟು, ಒಲೆಯ ಸುತ್ತ ನಿಲ್ಲಿಸಿ ಹಪ್ಪಳದ ಹಾಗೆ ಒಣಗಿಸಿ, ಹಳೆಯ ಧೋತರದಲ್ಲಿ ಗಂಟು ಕಟ್ಟಿದರು. ನಮ್ಮಲ್ಲಿ ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ನಾನು ಮಾತ್ರ ಅವರ ಚೀಲ ಎಲ್ಲಿದೆ ಎಂದು ಮೂಲೆಮೂಲೆ ನೋಡುತ್ತಿದ್ದೆ. ಎಲ್ಲಿಯೂ ಕಾಣಲಿಲ್ಲ. ಹೊರಡುವ ಹಿಂದಿನ ದಿನ, ನಿಮ್ಮ ತಯಾರಿ ಆಯಿತೇ ಎಂದು ಕೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು, "ಎಮ್ಮಿ ಈಯೋ ದಿನ ಬಂದೈತಿ. ಅದನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನಗಿಂತ ಎಮ್ಮೆ ಹೆಚ್ಚಾಯಿತು ಎಂದುಕೊಂಡೆ. ಹಾಗಾದರೆ ಇರಲಿ ಎಂದೆ, ಅದೂ ಬಲು ಬಿಗಿಯಾಗಿ. ಮರುದಿನ ಬಸ್ಸು ಹತ್ತುವಾಗ ಅವರು ಕಿಟಕಿಯ ಹತ್ತಿರ ನಿಂತಿದ್ದರು. ನಾನು ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡುವ ನೆಪದಲ್ಲಿ ಅವರ ಕಡೆ ತಿರುಗಲಿಲ್ಲ.

ಕರಾವಳಿ ಡಾಕ್ಟರು ಹೇಳಿದ ಹಾಗೆಯೇ ಇತ್ತು. ಡಿಸೆಂಬರಿನಲ್ಲೂ ಹೊದಿಕೆ ಬೇಕಾಗಲಿಲ್ಲ. ಎರಡು ವಾರದಲ್ಲಿ ನನ್ನ ಉಸಿರು ಹಗುರಾಯಿತು. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಭಾರವೇ. ಮುಂದಿನ ಮನೆಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲಿ ಕೊಂಕಣಿ. ನನ್ನ ಜೊತೆ ಮಾತಾಡುವಾಗ ಕನ್ನಡಕ್ಕೆ ತಿರುಗುತ್ತಿದ್ದರು, ಪಾಪ. ನಾನು ಐತಿ, ಹೋಗೇತಿ ಎಂದರೆ ಅವರ ಮನೆಯ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಳ್ಳೆಯ ಜನ, ಆದರೆ ಅವರಿಗೆ ಅವರ ಕೆಲಸ. ಬೆಳಿಗ್ಗೆ ಸಮುದ್ರದವರೆಗೆ ನಡೆದು ಹೋಗಿ ಬರುತ್ತಿದ್ದೆ. ಆಮೇಲೆ ಹೊತ್ತು ಎನ್ನುವುದು ಎಮ್ಮೆಯ ಹಾಗೆ ಅಂಗಳದಲ್ಲಿ ಮಲಗಿಬಿಡುತ್ತಿತ್ತು. ಎಷ್ಟು ಹೊಡೆದರೂ ಏಳುತ್ತಿರಲಿಲ್ಲ.

ಅಲ್ಲಿಯ ಸಣ್ಣ ಪೋಸ್ಟ್ ಆಫೀಸಿಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಲಕೋಟೆ ಕೊಳ್ಳುವ ನೆಪ. ಯಾರಿಗೂ ಪತ್ರ ಬರೆಯದೆ ಹನ್ನೆರಡು ಲಕೋಟೆ ಕೂಡಿಸಿದೆ. ಕೌಂಟರಿನಲ್ಲಿ ಕೂತ ಹುಡುಗಿ ಮುದ್ರೆಯನ್ನು ಮೆತ್ತಗೆ ಒತ್ತುತ್ತಿದ್ದಳು. ತಾರೀಖು ಅರ್ಧ ಮೂಡುತ್ತಿತ್ತು. ಜೋರಾಗಿ ಬಡಿಯಮ್ಮ ಎಂದು ಹೇಳಲು ನಾಲಿಗೆ ತುರಿಸುತ್ತಿತ್ತು.

ಎರಡು ಮಂಚಗಳಲ್ಲಿ ಒಂದರ ಮೇಲೆ ನಾನು ಮಲಗುತ್ತಿದ್ದೆ. ಇನ್ನೊಂದರ ಮೇಲೂ ಹಾಸಿಗೆ ಹಾಸಿ, ದಿಂಬು ಇಟ್ಟಿದ್ದೆ. ಎಮ್ಮೆ ಈದ ಮೇಲಾದರೂ ಅವರು ಬರಬಹುದಲ್ಲ. ಆ ಮೂರು ತಿಂಗಳು ನನಗೆ ಬೇಕಾಗಿದ್ದದ್ದು ಅದೊಂದೇ. ಬಸ್ಸು ಬರುವ ಹೊತ್ತಿಗೆ ಕಾರಣವಿಲ್ಲದೆ ರಸ್ತೆಯ ತನಕ ಹೋಗಿ ನಿಂತು ಬರುತ್ತಿದ್ದೆ. ಆದರೆ ಬನ್ನಿ ಎಂದು ಫೋನಿನಲ್ಲಿ ಹೇಳಲಿಲ್ಲ. ಬರುವುದಿಲ್ಲ ಎಂದು ಒಮ್ಮೆ ಹೇಳಿದವರಿಗೆ ಮತ್ತೆ ಹೇಳುವುದೆಂದರೆ ಕಾಲು ಹಿಡಿದ ಹಾಗೆ ಎಂದುಕೊಂಡಿದ್ದೆ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಾರದ ಜಾತಿ ನನ್ನದು.

ಇನ್ನು ರೊಟ್ಟಿಯ ಕತೆ. ಹೋದ ನಾಲ್ಕನೇ ದಿನ ಗಂಟು ಬಿಚ್ಚಿದರೆ, ಪಟಕ್ಕನೆ ಮುರಿಯಬೇಕಾದ ರೊಟ್ಟಿ ಒದ್ದೆ ರಟ್ಟಿನ ಹಾಗೆ ಬಾಗಿತು. ಸಮುದ್ರದ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ರೊಟ್ಟಿ ಉಳಿಯುತ್ತದೆಯೇ? ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ರೊಟ್ಟಿ ಒಣಗದ ಊರೂ ಇರುತ್ತದೆ ಎಂದು ಒಣ ಊರಿನವರಿಗೆ ಹೇಗೆ ಗೊತ್ತಾಗಬೇಕು? ಬಿಸಿಲಿಗಿಟ್ಟೆ, ಹಂಚಿನ ಮೇಲಿಟ್ಟೆ. ಹತ್ತು ದಿನಕ್ಕೆಲ್ಲ ಹಸಿರು ಬೂಸ್ಟು ಬಂತು. ಬೂಸ್ಟು ಬಾರದವನ್ನು ಆರಿಸಿ ಒಡತಿಯ ಆಕಳಿನ ಮುಂದಿಟ್ಟೆ, ಉಳಿದವನ್ನು ತೆಂಗಿನ ಬುಡದಲ್ಲಿ ಹೂಳಿದೆ. ಆಕಳು ಬಾಲ ಬೀಸಿ ಬೀಸಿ ತಿಂದಿತು. ವೈನಿಯ ಕೈಯ ರುಚಿ ಅದಕ್ಕಾದರೂ ತಿಳಿಯಿತು.

ನಮ್ಮ ಮನೆಯಲ್ಲಿ ಆರೋಗ್ಯದ ಅಳತೆ ರೊಟ್ಟಿ. ಹೇಗಿದ್ದೀ ಎಂದು ಕೇಳುವ ರೂಢಿಯಿಲ್ಲ, ಎಷ್ಟು ರೊಟ್ಟಿ ತಿಂದೆ ಎಂದು ಕೇಳುತ್ತೇವೆ. ಅಣ್ಣನ ಕೊನೆಯ ತಿಂಗಳುಗಳಲ್ಲಿ ವೈನಿ, ಇವತ್ತು ಎರಡು, ಇವತ್ತು ಒಂದು, ಇವತ್ತು ಅರ್ಧ ಎಂದು ನನಗೆ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಡಾಕ್ಟರೂ ಹೇಳಲಿಲ್ಲ. ಹೀಗಾಗಿ ಫೋನಿನಲ್ಲಿ ಅವರ ಮೊದಲ ಮಾತು, "ರೊಟ್ಟಿ ಎಷ್ಟ್ ಉಳದಾವ?"

ಎರಡು ದಿನ ಮಣಿಕಟ್ಟು ಜಾಡಿಸುತ್ತಾ ಬಡಿದ ರೊಟ್ಟಿಯನ್ನು ಮಣ್ಣಿಗೆ ಹಾಕಿದೆ ಎಂದು ಹೇಗೆ ಹೇಳಲಿ? ಎಲ್ಲಾ ಮುಗಿದವು ಎಂದುಬಿಟ್ಟೆ.

ಆ ಕಡೆ ಅವರು ಬಾಯಲ್ಲೇ ಲೆಕ್ಕ ಹಾಕಿದರು. ಆಮೇಲೆ ಅವರು ಅಂದರು, "ಇಲ್ಲಿದ್ದಾಗ ಹೊತ್ತಿಗೆ ಒಂದೂವರಿ ತಿಂತಿದ್ದಿ. ಹತ್ತ ದಿನಕ್ಕ ನೂರ ರೊಟ್ಟಿ ಅಂದ್ರ ಅಲ್ಲೀ ಗಾಳಿ ನಿನಗ ಹತ್ತೈತಿ ನೋಡು. ಛಲೋ ಆತು."

ಆ ದನಿಯಲ್ಲಿ ಸಂತೋಷ ಇತ್ತು. ಸಂತೋಷದ ಕೆಳಗೆ ಇನ್ನೊಂದೂ ಇತ್ತು. ನಾನು ಮೇಲಿನದನ್ನಷ್ಟೇ ಕೇಳಿಸಿಕೊಂಡೆ. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಪಾರ್ಸೆಲ್ ಬರತೊಡಗಿತು. ರಟ್ಟಿನ ಡಬ್ಬಿ, ಅದರ ಮೇಲೆ ಬಿಳಿ ಬಟ್ಟೆ, ಸುತ್ತಲೂ ಒತ್ತಾದ ಹೊಲಿಗೆ. ಪಾರ್ಸೆಲ್ ಹೊಲಿಯುವುದನ್ನು ನಾನೇ ಅವರಿಗೆ ಎಂದೋ ಕಲಿಸಿದ್ದೆ. ವಿಳಾಸ ಅವರದೇ ದುಂಡು ಅಕ್ಷರದಲ್ಲಿ. ಒಳಗೆ ಐವತ್ತು, ಅರವತ್ತು ರೊಟ್ಟಿ. ಮೊದಲ ಎರಡು ದಿನ ತಿನ್ನಬಹುದಾದಷ್ಟು ತಿನ್ನುತ್ತಿದ್ದೆ. ಉಳಿದವು ಆಕಳಿಗೆ. ಎಷ್ಟು ಉಳಿದಿವೆ ಎಂದರೆ ಮುಗಿದವು ಎನ್ನುತ್ತಿದ್ದೆ. ನಾನು ಮುಗಿದವು ಎಂದಷ್ಟೂ ಅವರಿಗೆ ನಾನು ಅಲ್ಲಿ ಸುಖವಾಗಿದ್ದೇನೆ, ನನಗೆ ಯಾರೂ ಬೇಕಾಗಿಲ್ಲ ಎಂದು ಖಾತ್ರಿಯಾಗುತ್ತಾ ಹೋಯಿತು. ನನಗೆ ಅದು ಆಗ ತಿಳಿಯಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬರಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಮಧ್ಯಾಹ್ನ ಅವರ ಫೋನು ಬಂತು. ಅವತ್ತು ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬುತ್ತಿಯ ತುತ್ತುಗಳ ಚರಗ ಚೆಲ್ಲಿ, ಅಲ್ಲೇ ಕೂತು ಊಟ ಮಾಡುವುದು ಪದ್ಧತಿ. ಪಾಲಿಗೆ ಕೊಟ್ಟ ಎರಡೆಕರೆ ನಮಗೂ ಇದೆ. ಪ್ರತಿ ವರ್ಷ ನಾನು ಚೊಂಬಿನಿಂದ ನೀರು ಬಿಡುತ್ತಾ ಮುಂದೆ ನಡೆದರೆ ಅವರು ಹಿಂದಿನಿಂದ ಚರಗ ಚೆಲ್ಲುತ್ತಾ ಬರುತ್ತಿದ್ದರು. ಫೋನಿನಲ್ಲಿ ಬರೀ ಗಾಳಿ, ಜೋಳದ ಎಲೆಗಳ ಸರಸರ. ಅವತ್ತು ರೊಟ್ಟಿಯ ಮಾತು ಬರಲಿಲ್ಲ.

"ಒಬ್ಬಾಕೀನ ಬಂದೀನಿ" ಎಂದರು. ಆಮೇಲೆ, "ಸಮುದ್ರ ಹೆಂಗೈತಿ?"

ಈ ಮಾತಿಗೆ ಏನೆಲ್ಲ ಹೇಳಬಹುದಿತ್ತು. ಹಾಸಿ ಇಟ್ಟ ಹಾಸಿಗೆಯ ವಿಷಯ ಹೇಳಬಹುದಿತ್ತು. ನಾನು, ಏನು ಇರುತ್ತದೆ, ನೀರಿದೆ ಎಂದೆ. ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ ಎಂದೂ ಸೇರಿಸಿದೆ. ಎಮ್ಮೆ ಹೆಣ್ಣುಕರು ಹಾಕಿ ಆಗಲೇ ಹತ್ತು ದಿನವಾಗಿತ್ತು. ಆದರೂ ಬರುತ್ತೇನೆ ಎಂದು ಅವರು ಅನ್ನಲಿಲ್ಲ. ಫೋನಿಟ್ಟು ನಾನು ಸಮುದ್ರದವರೆಗೆ ನಡೆದೆ. ಎಲ್ಲಿಂದಲೋ ಬಂದ ಜನ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುತ್ತಿದ್ದರು. ಅವರನ್ನು ನೋಡಿ ನನಗೆ ಅಳು ಬಂತು, ಅತ್ತುಬಿಟ್ಟೆ. ಮುಖ ತೊಳೆಯಲು ನೀರಿಗೇನು ಬರವಿರಲಿಲ್ಲ.

ಶಿವರಾತ್ರಿಗೆ ಒಂದು ವಾರ ಇರುವಾಗ ಮನೆಯ ಒಡತಿ ಬಂದು ಕಟ್ಟೆಯ ಮೇಲೆ ಕೂತರು. ಮುಂದಿನ ಚಳಿಗಾಲಕ್ಕೂ ಈ ಮನೆ ನನಗೇ ಇಡಬೇಕೋ ಎಂದು ಕೇಳಿದರು. ಬೆಳಗಾವಿ ಕಡೆಯವರು ಯಾರೋ ಕೇಳುತ್ತಿದ್ದಾರಂತೆ. ನಾನು ಬೇಕೆಂದರೆ ನನಗೇ ಕೊಡುವುದಾಗಿ ಹೇಳಿ, ನೀವು ಯಾರ ತಂಟೆಗೂ ಹೋಗದವರು ಎಂದರು. ಆಮೇಲೆ ಒಳಗೆ ಇಣುಕಿ ನೋಡಿ, "ಆ ಇನ್ನೊಂದು ಮಂಚ ಯಾರಿಗೆ ಹಾಸಿದ್ದು ಅಕ್ಕ? ಬಂದೇ ಇಲ್ಲವಲ್ಲ" ಎಂದರು.

ನಾನು, ಯಾರಿಗೂ ಅಲ್ಲ, ಮನೆ ಬೆಳಗಾವಿಯವರಿಗೇ ಕೊಡಿ ಎಂದೆ. ದಮ್ಮಿನಿಂದ ಸಾಯುವುದಾದರೆ ನಮ್ಮ ಊರಲ್ಲೇ ಸಾಯುತ್ತೇನೆ, ಇನ್ನೊಂದು ಚಳಿಗಾಲ ಹೀಗೆ ಬಸ್ಸು ಕಾಯಲಾರೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅವರು ಎದ್ದು ಹೋದ ಮೇಲೆ ಆ ಹಾಸಿಗೆ ಸುತ್ತಿಟ್ಟೆ. ಒಂದು ದಿನವೂ ಯಾರೂ ಮಲಗದ ಹಾಸಿಗೆ, ಆದರೂ ಕೊಡವಿದೆ.

ಕುಷ್ಟಗಿಯಲ್ಲಿ ಬಸ್ಸು ಇಳಿದಾಗ ವೈನಿ ಸ್ಟ್ಯಾಂಡಿಗೇ ಬಂದಿದ್ದರು. ಹೇಳದಿದ್ದರೂ ಬರುತ್ತಾರೆ ಎಂದು ಗೊತ್ತಿತ್ತು. ನನ್ನ ಮುಖ ನೋಡಿ, ಅಷ್ಟು ರೊಟ್ಟಿ ಎಲ್ಲಿ ಹೋದವು, ನೀನು ಇಳಿದೇ ಹೋಗಿದ್ದೀಯಲ್ಲ ಎಂದರು. ನಾನು ಮಾತು ತಿರುಗಿಸಿದೆ.

ಸಂಜೆ ಅವರು ಎಮ್ಮೆ ಹಿಂಡಲು ಹಿತ್ತಲಿಗೆ ಹೋದಾಗ ತಲೆಗೆ ಹಚ್ಚಿಕೊಳ್ಳುವ ಎಣ್ಣೆ ಹುಡುಕುತ್ತಾ ಅವರ ಕೋಣೆಗೆ ಹೋದೆ. ಬಾಗಿಲ ಹಿಂದೆ, ಗೋಡೆಗೆ ಒರಗಿ ಒಂದು ಚೀಲ ನಿಂತಿತ್ತು. ಜಿಪ್ಪು ಅರ್ಧ ತೆರೆದಿತ್ತು. ಮೇಲೆ ಎರಡು ನೂಲಿನ ಸೀರೆ, ಅವರ ಸ್ಟೀಲಿನ ಲೋಟ, ದೇವರ ಸಣ್ಣ ಫೋಟೋ, ಸೂಜಿ ದಾರದ ಡಬ್ಬಿ. ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಜೊತೆ ರಬ್ಬರು ಚಪ್ಪಲಿ, ಹೊಸವು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನಮ್ಮ ಮನೆಯಲ್ಲಿ ರಬ್ಬರು ಚಪ್ಪಲಿ ಮೆಟ್ಟುವವರು ಯಾರೂ ಇಲ್ಲ. ಉಸುಕಿನಲ್ಲಿ ಚರ್ಮದ ಚಪ್ಪಲಿ ಹಾಳಾಗುತ್ತದೆ ಎಂದು ನಾನೇ ದೀಪಾವಳಿಯ ಹೊತ್ತಿಗೆ ಹೇಳಿದ್ದೆ.

ಹಾಲಿನ ಚರಿಗೆ ಹಿಡಿದು ವೈನಿ ಬಾಗಿಲಲ್ಲಿ ನಿಂತರು. ಇದು ಯಾವಾಗ ತುಂಬಿದ್ದು ಎಂದು ಕೇಳಿದೆ. ನೀನು ಹೋಗುವ ಮೊದಲೇ ಎಂದರು. ಎಮ್ಮೆ ನೋಡಿಕೊಳ್ಳಲು ಹಿತ್ತಲ ಮನೆಯಾಕೆಗೂ ಆಗಲೇ ಹೇಳಿಟ್ಟಿದ್ದರಂತೆ. ಚಳಿಗಾಲವಿಡೀ ಸೀರೆ ಬೇಕಾದಾಗ ಆ ಚೀಲದಿಂದ ತೆಗೆದು ಉಟ್ಟು, ಒಗೆದು, ಮಡಿಚಿ ಮತ್ತೆ ಅದರಲ್ಲೇ ಇಟ್ಟಿದ್ದಾರೆ. ಲೋಟವನ್ನು ಹೊರಗೆ ತೆಗೆಯಲೇ ಇಲ್ಲ, ಮೂರು ತಿಂಗಳು ಬಟ್ಟಲಲ್ಲಿ ಚಹಾ ಕುಡಿದಿದ್ದಾರೆ.

"ಮತ್ತ ಯಾಕ ಬರಲಿಲ್ಲ ವೈನಿ?"

"ಇಬ್ಬರಿಗೆ ಸಾಕು ಅಂದಿ. ಯಾವ ಇಬ್ಬರು ಅಂತ ಹೇಳಲಿಲ್ಲ" ಎಂದರು. ಚರಿಗೆಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ನೀ ಕರೀಲಿಲ್ಲ" ಎಂದರು.

ಈ ಮಾತಿನ ಬೇರು ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಣ್ಣ ಹೋದ ವರ್ಷ ಶ್ರಾವಣದಲ್ಲಿ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಬಂದ ಹೆಂಗಸರು ನಮ್ಮ ಬಾಗಿಲನ್ನು ದಾಟಿ ಮುಂದಿನ ಮನೆಗೆ ಹೋದರು. ವೈನಿ ಆಗ ಹೊಸ್ತಿಲ ಮೇಲೇ ಕೂತಿದ್ದರು. ಎದ್ದು ಒಳಗೆ ಬಂದು, ಇನ್ನು ಮೇಲೆ ಕರೆಯದೆ ಯಾರ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದು ನನ್ನ ಮುಂದೆಯೇ ಹೇಳಿದ್ದರು. ತಮ್ಮ ಸ್ವಂತ ತಂಗಿಯ ಮನೆಗೂ, ಯಾರಾದರೂ ಬಂದು ಬರ್ರಿ ಎಂದು ಬಾಯಿ ಬಿಟ್ಟು ಕರೆದರೆ ಮಾತ್ರ ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಹಟವನ್ನು ನೋಡುತ್ತಾ ಬಂದವಳು ನಾನು. ನನ್ನ ಬಾಡಿಗೆ ಮನೆಗೂ ಒಂದು ಹೊಸ್ತಿಲಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನಾನು ದೇವರ ಜಗಲಿಗೆ ಹೋಗಿ ಅರಿಷಿಣದ ಬಟ್ಟಲು ತಂದೆ. ಅವರ ಮುಂದೆ ಹಿಡಿದು ಹೇಳಿದೆ, "ವೈನಿ, ಬರೂ ಚಳಿಗಾಲಕ್ಕ ನನ್ನ ಜೋಡಿ ಸಮುದ್ರಕ್ಕ ಬರ್ರಿ."

ಅವರು ಬಟ್ಟಲನ್ನೇ ನೋಡುತ್ತಾ ನಿಂತರು. ಅಣ್ಣ ಹೋದ ಮೇಲೆ ಆ ಬಟ್ಟಲನ್ನು ಅವರ ಮುಂದೆ ಯಾರೂ ಹಿಡಿದಿರಲಿಲ್ಲ. ಮೆಲ್ಲಗೆ ಬೆರಳಿನ ತುದಿ ಅದ್ದಿ, ಕೆನ್ನೆಗೆ ಸವರಿಕೊಂಡರು. "ಆ ಎರಡ ತೆಂಗಿನ ಮರದ ಮನಿಗೇನು?" ಎಂದು ಕೇಳಿದರು. ನಾನು ಫೋನಿನಲ್ಲಿ ಯಾವಾಗಲೋ ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು.

ಹೌದು ಎಂದುಬಿಡಬಹುದಿತ್ತು. ರೊಟ್ಟಿ ಮುಗಿದವು ಎಂದ ನಾಲಿಗೆಗೆ ಅದೇನು ಕಷ್ಟವಲ್ಲ. ಆದರೆ ಅವತ್ತು ಆಗಲಿಲ್ಲ. ಆ ಮನೆ ಬೇರೆಯವರಿಗೆ ಹೋಯಿತು, ನಾನೇ ಬೇಡ ಎಂದು ಬಂದೆ ಎಂದು ಹೇಳಿದೆ. ರೊಟ್ಟಿ ಬೂಸ್ಟು ಹಿಡಿದದ್ದು, ಆಕಳು ತಿಂದದ್ದು, ಹಾಸಿಟ್ಟ ಹಾಸಿಗೆ, ಬಸ್ಸಿನ ಹೊತ್ತು, ಎಲ್ಲವನ್ನೂ ಹೇಳಿದೆ. ಅವರು ಮಂಚದ ತುದಿಯಲ್ಲಿ ಕೂತು ಕೊನೆಯವರೆಗೂ ಕೇಳಿದರು.

"ಇರ್ಲಿ ಬಿಡು" ಎಂದರು. "ಕರದಿಯಲ್ಲ, ಅಷ್ಟ ಸಾಕು."

ಆಮೇಲೆ ಚೀಲವನ್ನು ಮಂಚದ ಮೇಲಿಟ್ಟುಕೊಂಡು ಒಂದೊಂದಾಗಿ ತೆಗೆಯತೊಡಗಿದರು. ಸೀರೆಗಳನ್ನು ಪೆಟ್ಟಿಗೆಯಲ್ಲಿಟ್ಟರು. ಫೋಟೋವನ್ನು ಜಗಲಿಯ ಮೇಲಿಟ್ಟರು. ಲೋಟವನ್ನು ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದರು. ಬೇಡ, ಹಾಗೇ ಇರಲಿ, ಬೇರೆ ಮನೆ ನೋಡುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಹೂಂ, ನೋಡು ಎನ್ನುತ್ತಲೇ ಅವರು ಚೀಲವನ್ನು ಖಾಲಿ ಮಾಡಿ, ಕೊಡವಿ, ಗೂಟಕ್ಕೆ ತೂಗುಹಾಕಿದರು. ಅವರ ಮಣಿಕಟ್ಟು ಊದಿಕೊಂಡಿದ್ದನ್ನು ನಾನು ಆಗ ನೋಡಿದೆ.

ಈಗ ಮತ್ತೆ ಮಳೆಗಾಲ. ಬೇರೆ ಮನೆ ಇನ್ನೂ ಸಿಕ್ಕಿಲ್ಲ. ಆ ಒಡತಿಗೆ ಎರಡು ಸಲ ಫೋನು ಮಾಡಿದೆ, ಬೆಳಗಾವಿಯವರು ಮೂರು ವರ್ಷಕ್ಕೆ ಮಾತಾಡಿಕೊಂಡಿದ್ದಾರಂತೆ. ವೈನಿ ವಿಷಯ ಎತ್ತುವುದಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿಯೇ ಹಾಕುತ್ತಾರೆ, ನಾನು ಗೊಣಗುವುದನ್ನು ಬಿಟ್ಟಿದ್ದೇನೆ. ಆ ಚಪ್ಪಲಿಯನ್ನು ಮಾತ್ರ ಅವರು ಮೆಟ್ಟಲಿಲ್ಲ. ನಿನ್ನ ಕಾಲಿಗೂ ಬರುತ್ತವೆ ನೋಡು ಎಂದು ನನ್ನ ಕಡೆ ಸರಿಸಿದರು. ಚೀಟಿ ಕಿತ್ತು, ಬಚ್ಚಲಿಗೆ ಹೋಗುವಾಗ ನಾನೇ ಮೆಟ್ಟಿಕೊಳ್ಳುತ್ತಿದ್ದೇನೆ.